ನಮ್ಮೂರ ಹನ್‌ಬೊಕ್

ಸೋಲ್‌ನ ಅರಮನೆಗೆ ಹನ್‌ಬೊಕ್, ಅಂದರೆ ಕೊರಿಯನ್ನರ ಸಾಂಪ್ರದಾಯಿಕ ಉಡುಗೆ, ತೊಟ್ಟು ಹೋದವರಿಗೆ ಟಿಕೆಟ್ ಬೇಕಿಲ್ಲ. ನನ್ನ ಜೊತೆ ಕೊರಿಯನ್ ಕಲಿಯಲು ಬಂದಿದ್ದ ಬಸವಕಲ್ಯಾಣದ ಸುರೇಖಾ ಇದನ್ನು ಓದಿದ್ದೇ ತಡ, "ನಮ್ಮ ಸೀರಿ ಏನ್ ಕಮ್ಮಿ ಅದ? ಉಟ್ಕೊ, ನಡಿ," ಅಂದಳು. ಹುಮನಾಬಾದಿನಿಂದ ತಂದಿದ್ದ ಇಳಕಲ್ ಸೀರೆ ಉಟ್ಟೆ. ಅವಳೂ ಒಂದು ಉಟ್ಟಳು.

ಗೇಟಿನಲ್ಲಿದ್ದ ಹಿರಿಯ ಹೆಂಗಸು ಕೈ ಅಡ್ಡ ಹಿಡಿದರು. "ಇದು ನಮ್ಮೂರ ಹನ್‌ಬೊಕ್," ಅಂದೆ, ಕೊರಿಯನ್‌ನಲ್ಲಿ. ಮರ್ಯಾದೆಗೆ ಮಾತಿನ ಕೊನೆಗೆ 'ಯೊ' ಸೇರಿಸಬೇಕು. ಗಾಬರಿಯಲ್ಲಿ ನನ್ನ ಬಾಯಿಂದ 'ರಿ' ಬಂತು.

"ಹುಮನಾಬಾದ ಕಂಡಕ್ಟರ್ ಜೊತಿ ಮಾತಾಡಾಕತ್ತೀಯೇನ?" ಅಂತ ಸುರೇಖಾ ಗೊಣಗಿದಳು.

ಆ ಹೆಂಗಸು ನನ್ನ ಸೆರಗು ಮುಟ್ಟಿ, ಒಂದು ಸುತ್ತು ತಿರುಗಿಸಿ ನೋಡಿ, "ಹೊಲಿಗೆ ಎಲ್ಲಿದೆ?" ಅಂತ ಕೇಳಿದರು. ಹೊಲಿಗೆಯೇ ಇಲ್ಲ, ಇಡೀ ಸೀರೆ ಒಂದೇ ಬಟ್ಟೆ ಅಂದಾಗ ನಂಬಲಿಲ್ಲ. ನೆರಿಗೆ ಹಿಡಿಯುವುದನ್ನು ಅಲ್ಲೇ ತೋರಿಸಿದೆ. ಹಿಂದೆ ಸಾಲು ಬೆಳೆಯಿತು. ಎಲ್ಲ ನೋಡಿ, "ಬಹಳ ಚೆಂದ," ಅಂದು ಟಿಕೆಟ್ ಕೌಂಟರ್ ಕಡೆ ಬೆರಳು ತೋರಿಸಿದರು.

ತೆಪ್ಪಗೆ ಟಿಕೆಟ್ ತೆಗೆದುಕೊಂಡೆವು. ಒಳಗೆ, ಬಾಡಿಗೆ ಹನ್‌ಬೊಕ್ ತೊಟ್ಟು ಪುಕ್ಕಟೆ ಬಂದಿದ್ದ ಫ್ರೆಂಚ್ ದಂಪತಿ ನಮ್ಮ ಜೊತೆ ಫೋಟೊ ತೆಗೆಸಿಕೊಂಡರು. ನಮ್ಮನ್ನು ಅರಮನೆಯ ಕಡೆಯವರು ಅಂದುಕೊಂಡಿದ್ದರಂತೆ.