ಗಿಣ್ಣಿನ ಮೇಲೆ

ನಮ್ಮ ಅತ್ತಿಗೆಯನ್ನು ಇಡೀ ಬೀದಿ ‘ಮಲ್ಲಿಗೆ ಟೈಲರಮ್ಮ’ ಅಂತಲೇ ಕರೆಯುತ್ತಿತ್ತು. ಹಗಲೆಲ್ಲ ಮಹಡಿ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಬೆಳಗ್ಗೆ ಸಂಜೆ ತಾರಸಿಯ ಮೇಲೆ ಒಂಬತ್ತು ಕುಂಡ ದುಂಡುಮಲ್ಲಿಗೆ. ನಾನು ಅವರ ನಾದಿನಿ, ಕೆಳಗಿನ ಮನೆಯವಳು. ಅಂದರೆ ಅವರನ್ನು ಹೊಡೆಯುತ್ತಿದ್ದವನು ನನ್ನ ಒಡಹುಟ್ಟಿದ ಅಣ್ಣ. ಅವನಿಗೆ ಬಹುವಚನ ಹಚ್ಚಲು ನನ್ನ ನಾಲಿಗೆ ಒಪ್ಪುವುದಿಲ್ಲ, ಕ್ಷಮಿಸಿ.

ಅಣ್ಣ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು. ಚಹಾ ಆರಿದ್ದರೆ ಏಟು, ಬಾಗಿಲು ತೆಗೆಯಲು ತಡವಾದರೆ ಏಟು, ಕಾರಣ ಸಿಗದಿದ್ದರೆ ಅದಕ್ಕೂ ಏಟು. ಒಮ್ಮೆ ಅತ್ತಿಗೆಯ ತಲೆಯನ್ನು ಮಿಷನ್ನಿಗೆ ಅಪ್ಪಳಿಸಿ ಹುಬ್ಬು ಸೀಳಿದ್ದ. ಮೇಲೆ ದಡಬಡ ಶುರುವಾದ ಕೂಡಲೇ ನಾನೇನು ಮಾಡುತ್ತಿದ್ದೆ ಗೊತ್ತೇ? ಟೀವಿ ಸದ್ದು ಜೋರು ಮಾಡುತ್ತಿದ್ದೆ. ನಾಚಿಕೆಗೆಟ್ಟವಳು ನಾನು. ಆಸ್ಪತ್ರೆಯಲ್ಲಿ ಕೇಳಿದರೆ ಅತ್ತಿಗೆಯದು ಒಂದೇ ಪಾಠ, ಕಾಲು ಜಾರಿತು. ಹೊಲಿಗೆ ಹಾಕುವ ನರ್ಸಮ್ಮ, ನಿಮ್ಮ ಮನೆ ನೆಲಕ್ಕೇನು ಎಣ್ಣೆ ಹಚ್ಚಿದ್ದೀರಾ ಅಂತ ಕೇಳಿಯೇಬಿಟ್ಟಿದ್ದರು.

ಅದೇ ಬಾತುಕೊಂಡ ಮುಖದಲ್ಲಿ ಅತ್ತಿಗೆ ತಾರಸಿಗೆ ಹೋಗಿ ಕುಂಡದ ಮಣ್ಣಿಗೆ ಬೆರಳು ಚುಚ್ಚಿ ನೋಡುವರು, ಒಣಗಿದ್ದರಷ್ಟೇ ನೀರು. ಹೂವಿನ ಕಾಲ ಮುಗಿದ ಮೇಲೆ ಗಿಡ ಸವರುವರು. ನನಗೆ ಗೊತ್ತಿದ್ದದ್ದು ತಲೆ ಸವರುವುದು, ಬೆನ್ನು ಸವರುವುದು. ಅವರು ನಕ್ಕು, ಗಿಡ ಸವರೋದು ಅಂದ್ರೆ ಕತ್ತರಿಸೋದು ಕಣೇ, ಎಲೆ ಮೂಡೋ ಗಿಣ್ಣಿನ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿದರೆ ಒಂದಿದ್ದ ಕಡೆ ಎರಡು ಚಿಗುರುತ್ತೆ ಅಂದರು. ಅಲ್ಲೇ ನಿಂತಿದ್ದ ಅಣ್ಣ, ನಿನಗೂ ನಾನು ಅದನ್ನೇ ಮಾಡ್ತಿರೋದು ಅಂದ. ತನ್ನ ಮಾತಿಗೆ ತಾನೊಬ್ಬನೇ ನಕ್ಕ.

ಈ ಸಲ ಸವರುವ ಹೊತ್ತಿಗೆ ಅವರ ಬಲಗೈ ಪ್ಲಾಸ್ಟರಿನಲ್ಲಿತ್ತು. ಬಾಗಿಲ ಸಂದಿಯಲ್ಲಿಟ್ಟು ಮುರಿದವನು ಯಾರೆಂದು ಹೇಳಬೇಕಿಲ್ಲ. ಮಿಷನ್ನು ನಿಂತಿತ್ತು. ಗಿಡಗಳೂ ಹೋದರೆ ನಾನು ಯಾತಕ್ಕೆ ಏಳಲಿ ಅಂತ ಒಂದು ಬೆಳಗ್ಗೆ ಅತ್ತಿಗೆ ನನ್ನೆದುರು ಅತ್ತುಬಿಟ್ಟರು. ನನಗೆ ಕತ್ತರಿ ಹಿಡಿಯಲು ಭಯ. ದೊಡ್ಡ ಮನುಷ್ಯಳ ಹಾಗೆ ಅಣ್ಣನ ಹತ್ತಿರ ಹೋಗಿ, ಅವರ ಗಿಡ ಒಂಚೂರು ಸವರಿಬಿಡು ಅಂದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಸವರಿಯೇಬಿಟ್ಟ. ಜಾಕಿನ ಕಬ್ಬಿಣದ ಸಲಾಕೆ ತಂದು ಒಂದೊಂದೇ ಕುಂಡ ಒಡೆದ, ಗಿಡ ಕಿತ್ತು ಬೂಟಿನಲ್ಲಿ ಹೊಸಕಿದ. ನಾನು ಓಡಿ ಮೇಲೆ ಹೋಗುವಷ್ಟರಲ್ಲಿ ಎಂಟು ಮುಗಿದಿದ್ದವು. ಒಂಬತ್ತನೆಯದನ್ನು ಅತ್ತಿಗೆ ತಬ್ಬಿಕೊಂಡು ಕೂತಿದ್ದರು. ಪಕ್ಕೆಗೆ ಒದ್ದ, ಬಿಡಲಿಲ್ಲ. ಮತ್ತೆ ಒದ್ದ. ನಾನು ಹಿಂದಿನಿಂದ ಅವನ ಅಂಗಿ ಜಗ್ಗಿದೆ, ಮೊಣಕೈ ಬೀಸಿ ನನ್ನ ಹಲ್ಲು ಮುರಿದ. ‘ನೀನೇ ತಾನೇ ಸವರಿಬಿಡು ಅಂದಿದ್ದು?’ ಅಂತ ಸಲಾಕೆ ಎಸೆದು, ಎರಡೂ ಕೈಯಲ್ಲಿ ಕುಂಡದ ಅಂಚು ಹಿಡಿದ, ಕೆಳಗೆ ಬೀದಿಗೆ ಎತ್ತಿಹಾಕಲು.

ಸವರಲೆಂದು ತಂದಿಟ್ಟಿದ್ದ ಗಿಡದ ಕತ್ತರಿ ಅತ್ತಿಗೆಯ ಎಡಗೈಯಲ್ಲಿತ್ತು. ಅದರ ಬಾಯನ್ನು ಅವನ ಕಿರುಬೆರಳಿಗೆ ಕಚ್ಚಿಸಿದರು.

‘ಗಿಣ್ಣಿನ ಮೇಲೇ ಇಟ್ಟಿದ್ದೀನಿ ರೀ,’ ಅಂದರು, ಮೆತ್ತಗೆ. ‘ಗಿಡ ಆದ್ರೆ ಚಿಗುರುತ್ತೆ. ಇದು ಚಿಗುರಲ್ಲ. ಕುಂಡ ಬಿಡಿ.’

ಅವನು ನಕ್ಕು ಕುಂಡ ಎತ್ತಿದ. ಅತ್ತಿಗೆ ಒತ್ತಿದರು. ಒಂದು ಸಣ್ಣ ಸದ್ದು ಬಂತು, ದಾರ ತುಂಡಾದ ಹಾಗೆ. ಅಣ್ಣ ಊಳಿಟ್ಟು ಕೂತ. ಬೆರಳ ತುದಿ ಮಣ್ಣಿನಲ್ಲಿ ಬಿದ್ದಿತ್ತು.

ಆಸ್ಪತ್ರೆಯಲ್ಲಿ ಅದೇ ನರ್ಸಮ್ಮ. ಹೇಗಾಯಿತು ಅಂತ ಕೇಳಿದರು. ಅಣ್ಣ ಅತ್ತಿಗೆಯನ್ನು ನೋಡಿದ, ನನ್ನನ್ನು ನೋಡಿದ, ಸರದಿಯಲ್ಲಿ ಕೂತ ಗಂಡಸರನ್ನು ನೋಡಿದ. ಹೆಂಡತಿ ಕತ್ತರಿಸಿದಳು ಅಂತ ಹೇಳಲು ಅವನಿಗೆ ಬಾಯಿ ಬರಲಿಲ್ಲ.

‘ಗಿಡ ಸವರ್ತಿದ್ದೆ,’ ಅಂದ. ‘ಕೈ ಜಾರ್ತು.’

ನರ್ಸಮ್ಮ ಅತ್ತಿಗೆಯ ಪ್ಲಾಸ್ಟರು, ನನ್ನ ರಕ್ತದ ಬಾಯಿ ನೋಡಿ ಹಾಗೇ ಬರೆದುಕೊಂಡರು.

ಅವತ್ತೇ ಅತ್ತಿಗೆ ನನ್ನ ಮನೆಗೆ ಬಂದರು, ಮಿಷನ್ನು ಮತ್ತು ಆ ಒಂದು ಕುಂಡದ ಸಮೇತ. ಮಾರನೇ ದಿನ ಕತ್ತರಿ ತೊಳೆದು ನನ್ನ ಕೈಗೆ ಕೊಟ್ಟು, ಎಲ್ಲೆಲ್ಲಿ ಅಂತ ತೋರಿಸಿದರು. ತೋರಿಸಿದ ಕಡೆಯೆಲ್ಲ ಓರೆಯಾಗಿ ಕತ್ತರಿಸಿದೆ. ಕೊನೇ ಕೊಂಬೆಯೂ ಮುಗಿದಾಗ, ನಿನ್ನ ಮಾತಿನಿಂದಲೇ ಎಂಟು ಹೋದವು ಅಂತ ಬೈಯುತ್ತಾರೇನೋ ಅಂದುಕೊಂಡು ಕಣ್ಣು ಮುಚ್ಚಿದೆ. ಅತ್ತಿಗೆ ಆ ಎಡಗೈಯಿಂದಲೇ ನನ್ನ ತಲೆ ಸವರಿದರು.