ಮೂತಿಯಿಲ್ಲದ ದೋಣಿ

ಸಾಣಾಪುರದ ಕೆರೆ ಕಾಣುವ ಶಾಲೆಯೊಂದರಲ್ಲಿ ನಾನು ಒಂದನೇ ತರಗತಿಗೆ ಪಾಠ ಮಾಡುತ್ತೇನೆ. ಕಳೆದ ವರ್ಷ ಮಕ್ಕಳಿಗೆ ಆಟಿಕೆ ದೋಣಿ ಮಾಡುವುದನ್ನು ಕಲಿಸಲು ಒಬ್ಬ ತರಬೇತುದಾರ ಬಂದ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಬಣ್ಣದ ಕಾಗದ. ಕೆರೆಯ ಕಡೆ ಮಾತ್ರ ಒಮ್ಮೆಯೂ ಕತ್ತೆತ್ತಿ ನೋಡಲಿಲ್ಲ.

ಅವನು ಕಾಗದ ಹಂಚುವ ಮೊದಲೇ ಮಕ್ಕಳು ತೆಂಗಿನ ಕರಟದ ಅಂಚನ್ನು ಕಲ್ಲಿಗೆ ತಿಕ್ಕಿ, ಐಸ್‌ಕ್ರೀಂ ಕಡ್ಡಿಯ ಹುಟ್ಟು ಇಟ್ಟು ಸಾಲಾಗಿ ಜೋಡಿಸಿದ್ದರು. ಅವರ ಅಪ್ಪಂದಿರು ದಿನವೂ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವುದು ಇಂಥದೇ ಗುಂಡನೆಯ ತೆಪ್ಪದಲ್ಲಿ.

ಮಹಾಶಯ ಮೂಗು ಮುರಿದ. "ಇವು ಬಟ್ಟಲು. ದೋಣಿ ಅಂದರೆ ಚೂಪಾದ ಮೂತಿ ಇರಬೇಕು," ಎಂದ.

ಇಂಥವನ ಜೊತೆ ವಾದ ಬೇರೆ ಕೇಡು! ಬೋಗುಣಿಯಲ್ಲಿ ನೀರು ತಂದಿಟ್ಟೆ. ಅವನು ಮಡಚಿ ಬಿಟ್ಟ ಕಾಗದದ ದೋಣಿ ನೀರು ಕುಡಿದು ಮಗ್ಗುಲಾಯಿತು. ಕರಟಗಳು ಗಿರಗಿರನೆ ತಿರುಗುತ್ತ ತೇಲಿದವು.

ಆದರೂ ಮೇಲಿನವರಿಗೆ ಕಳಿಸಲು ಫೋಟೋ ಬೇಕಲ್ಲ! ತೊಯ್ದ ದೋಣಿಯನ್ನು ಎತ್ತಿ ಒಂದು ಕರಟದೊಳಗೆ ನಿಲ್ಲಿಸಿ ಮೊಬೈಲ್ ಹಿಡಿದ. ಕರಟದ ಒಡತಿ, ಆರು ವರ್ಷದ ಹುಡುಗಿ, ಅವನ ಮುಂದೆ ಅಂಗೈ ಚಾಚಿದಳು:

"ರೊಕ್ಕ ಕೊಡ್ರಿ ಸರ್. ನಿಮ್ಮ ದೋಣಿ ನಮ್ಮ ತೆಪ್ಪದಾಗ ಕುಂತೈತಿ."