ನಿಂತರೆ ಬೀಳುವ ಮುನಿತಾಯಮ್ಮ

ಸುಂಕದಕಟ್ಟೆಯ ಮುನಿತಾಯಮ್ಮನವರಿಗೆ ಓಟದ ಹುಚ್ಚು ಹತ್ತಿದ್ದು ಐವತ್ತು ದಾಟಿದ ಮೇಲೆ. ಸೊಸೆ ಲತಾಳ ಹಳೇ ಶೂ ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ ಹಿರಿಯರ ಓಟದಲ್ಲಿ ಓಡಿದರೆಂದರೆ ಹಿಂದಿದ್ದವರಿಗೆ ಅವರ ಬೆನ್ನೇ ಗತಿ!

ಗಂಡ ನಂಜುಂಡಪ್ಪನವರಿಗೆ ಒಳಗೊಳಗೇ ಹೆಮ್ಮೆ, ಜೊತೆಗೆ ದಿಗಿಲು. ಓಟ ಮುಗಿದ ಕೂಡಲೇ ಹೆಂಡತಿಯನ್ನು ಪೂರ್ವಕ್ಕೆ ಮುಖ ಮಾಡಿಸಿ, ಅಲುಗಾಡದಂತೆ ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದರು. ಅದು ಮುಗಿಯುವಷ್ಟರಲ್ಲಿ ಆಕೆ ಕಣ್ಣು ಕತ್ತಲಿಟ್ಟು ಕುಸಿಯುತ್ತಿದ್ದರು. “ನೋಡಿದ್ಯಾ, ಎಂಥಾ ದೃಷ್ಟಿ!” ಮುಂದಿನ ಸಲಕ್ಕೆ ಮೆಣಸಿನಕಾಯಿ ಇನ್ನಷ್ಟು. ಎರಡನೇ ಸಲ ಬಿದ್ದಾಗ ತೀರ್ಪೂ ಬಂತು: “ಇನ್ನೊಂದ್ಸಲ ಬಿದ್ರೆ ಓಟ ಬಂದ್.”

ಮುನಿತಾಯಮ್ಮ ಸೊಸೆಯ ಹತ್ತಿರ ಅಳಲು ತೋಡಿಕೊಂಡರು. ಹಸು, ಒಲೆ, ಮಕ್ಕಳು ಎಂದು ಓಡಿದ್ದೇ ಓಡಿದ್ದು. ತನಗೆಂದು ಓಡಿದ್ದು ಇದೊಂದೇ.

ಲತಾ ಫಿಸಿಯೋಥೆರಪಿ ಓದಿದವಳು. “ಓಡುವಾಗ ಮೈ ಕಾಯತ್ತೆ ಅತ್ತೆ. ಕಾವು ಹೊರಗೆ ಹಾಕೋಕೆ ಬೆವರು ಬರತ್ತೆ, ಚರ್ಮದ ರಕ್ತನಾಳ ಅಗಲ ಆಗತ್ತೆ. ಕಾಲು ಆಡ್ತಿರೋವರೆಗೂ ರಕ್ತ ಮೇಲಕ್ಕೆ ಹೋಗ್ತಿರತ್ತೆ. ಗಕ್ಕನೆ ನಿಂತ್ರೆ ಕೆಳಗೇ ಉಳಿಯತ್ತೆ, ಬಿಪಿ ಇಳಿಯತ್ತೆ, ತಲೆಗೆ ಸಾಲಲ್ಲ. ಆಗ ದೇಹ ಚರ್ಮದ ಕಡೆ ರಕ್ತ ಕಮ್ಮಿ ಮಾಡತ್ತೆ, ಬೆವರೂ ಇಳಿಸತ್ತೆ. ಬೆವರು ಆರ್ತು ಅಂದ್ರೆ ಒಳಗಿನ ಕಾವೂ ಆರ್ತು ಅಂತಲ್ಲ. ನಿಲ್ಲಬೇಡಿ, ನಡೀತಾ ಇರಿ.”

“ನಿನ್ನ ಮಾವಂಗೆ ಯಾರೇ ಹೇಳೋದು?”

“ನಿಮ್ಮ ಕಾಲೇ ಹೇಳ್ಲಿ ಬಿಡಿ.”

ಕೆಂಗೇರಿಯ ಮೈದಾನದಲ್ಲಿ ಮುನಿತಾಯಮ್ಮ ಮತ್ತೆ ಮೊದಲು ಬಂದರು. ಗೆರೆಯ ಆಚೆ ನಂಜುಂಡಪ್ಪ ಮುಷ್ಟಿ ತುಂಬ ಉಪ್ಪು ಮೆಣಸಿನಕಾಯಿ ಹಿಡಿದು ಕಾದಿದ್ದರು.

“ನಿಂತ್ಕೊಳ್ಳೇ!”

ಆಕೆ ನಿಲ್ಲಲಿಲ್ಲ. ಗಂಡನನ್ನು ದಾಟಿ ಮೈದಾನದ ಅಂಚು ಹಿಡಿದು ನಡೆದೇಬಿಟ್ಟರು. ಮದುವೆಯಾದಾಗಿನಿಂದ ಹೆಂಡತಿಗಿಂತ ಮುಂದೆಯೇ ನಡೆದ ಮನುಷ್ಯ ಈಗ ಹಿಂದೆ ಬಿದ್ದರು. ನಡೆಯುತ್ತಲೇ ನಿವಾಳಿಸಲು ಹೋಗಿ ಅರ್ಧ ಉಪ್ಪು ಪಂಚೆಯ ಮೇಲೇ ಚೆಲ್ಲಿತು.

“ಬಿದ್ದೋಗ್ತೀಯ ಕಣೇ, ನಿಲ್ಲು!”

“ನಿಂತ್ರೇನೇ ಬೀಳೋದು ಕಣ್ರೀ. ಬೇಕಾದ್ರೆ ನೀವೂ ಬನ್ನಿ.”

ಒಂದು ಸುತ್ತು ಮುಗಿಯಿತು. ಆಕೆಯ ಉಸಿರು ಹದಕ್ಕೆ ಬಂದಿತ್ತು, ಕಣ್ಣು ನಿಚ್ಚಳವಾಗಿತ್ತು. ಏದುಸಿರು ಬಿಡುತ್ತಿದ್ದವರು ನಂಜುಂಡಪ್ಪ.

“ಸುಸ್ತಾದ್ರೆ ಕೂತ್ಕೊಳಿ,” ಎಂದರು ಮುನಿತಾಯಮ್ಮ, ಹೆಜ್ಜೆ ನಿಲ್ಲಿಸದೆ.

ನಂಜುಂಡಪ್ಪ ಆಕೆಯ ಮುಖವನ್ನೊಮ್ಮೆ ದಿಟ್ಟಿಸಿದರು. ಮೆಣಸಿನಕಾಯಿಯನ್ನು ಜೇಬಿಗಿಳಿಸಿ, ಪಂಚೆ ಮೇಲೆತ್ತಿ ಕಟ್ಟಿ, ಹೆಂಡತಿಯ ಪಕ್ಕಕ್ಕೆ ಬಂದರು.

“ನಡಿ ನಡಿ. ದೃಷ್ಟಿ ಮನೇಲಿ ತೆಗೀತೀನಿ.”